ಮಾನಂದವಾಡಿಯಿಂದ ಮೈಸೂರಿಗೆ: ಮಿತವ್ಯಯದ ಎರಡು ದಿನಗಳ ಪ್ರವಾಸ

"ದೇಶ ಸುತ್ತು, ಕೋಶ ಓದು" ಎಂಬ ನಾಣ್ನುಡಿಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಕೋಶ ಓದುವುದಕ್ಕೆ ಶಾಲೆಯಲ್ಲಿ ವೇಳಾಪಟ್ಟಿಯಿದೆ, ಅಧ್ಯಾಪಕರಿದ್ದಾರೆ, ಪರೀಕ್ಷೆಯೂ ಇದೆ. ದೇಶ ಸುತ್ತುವುದಕ್ಕೆ ಮಾತ್ರ ಪಾಠವಿಲ್ಲ. ಶಾಲೆಯಲ್ಲಿರುವಷ್ಟು ಕಾಲ ಪ್ರವಾಸವೆಂದರೆ ಅಧ್ಯಾಪಕರು ಗೊತ್ತುಮಾಡಿದ ಬಸ್ಸನ್ನು ಹತ್ತುವುದು, ಅವರು ಹೇಳಿದಲ್ಲಿ ಇಳಿಯುವುದು, ಅವರು ತಲೆ ಎಣಿಸುವಾಗ ಸಾಲಿನಲ್ಲಿ ನಿಲ್ಲುವುದು. ಹತ್ತನೆಯ ತರಗತಿ ದಾಟಿ ಮುಂದಿನ ವಿದ್ಯಾಭ್ಯಾಸಕ್ಕೆಂದು ಊರು ಬಿಟ್ಟು ಹೋದಾಗ ಬಸ್ಸು ಗೊತ್ತುಮಾಡುವವರೂ ಇರುವುದಿಲ್ಲ, ತಲೆ ಎಣಿಸುವವರೂ ಇರುವುದಿಲ್ಲ. ಮನೆಯಿಂದ ಬಂದ ತಿಂಗಳ ಹಣ ಕೈಯಲ್ಲಿರುತ್ತದೆ, ಶನಿವಾರ, ಭಾನುವಾರ ರಜೆಯಿರುತ್ತದೆ, ಗೆಳೆಯರು ಕರೆಯುತ್ತಾರೆ. ಆಗ ಹೇಗೆ ಯೋಚಿಸಬೇಕು, ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ತಿಳಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ಮಾನಂದವಾಡಿಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳೊಂದಿಗೆ ವಯನಾಡಿನ ಮಾನಂದವಾಡಿ ತಾಲೂಕೂ ಸೇರಿದೆ. ಅಲ್ಲಿ ವಿಶ್ವವಿದ್ಯಾಲಯದ ಒಂದು ಕೇಂದ್ರವಿದೆ, ಸರ್ಕಾರಿ ಕಾಲೇಜಿದೆ. ಸಮೀಪದ ತಲಪ್ಪುಳದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಆದುದರಿಂದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದವರು ಅಲ್ಲಿಗೆ ಹೋಗಿ ಕಲಿಯುವ ಸಂದರ್ಭ ಬರುವುದು ಸಹಜ. ಅಲ್ಲಿಂದ ಮನೆಗೆ ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ವಾರ ವಾರ ಬಂದು ಹೋಗುವಂತಿಲ್ಲ. ಪಾಠ, ಮಾತು, ಬೋರ್ಡು, ಪತ್ರಿಕೆ ಎಲ್ಲವೂ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮೂರು ನಾಲ್ಕು ವರ್ಷ ಹೀಗೆಯೇ ಕಳೆದರೆ ಕನ್ನಡದಲ್ಲಿ ಒಂದು ಕಾಗದ ಬರೆಯುವ ಕೈಯೂ ತಡವರಿಸತೊಡಗುತ್ತದೆ. ಆದರೆ ಅದೇ ಮಾನಂದವಾಡಿಯಿಂದ ಮೈಸೂರು ಸುಮಾರು 110 ಕಿಲೋಮೀಟರು ಮಾತ್ರ. ನಮ್ಮ ಭಾಷೆಯ ಒಂದು ದೊಡ್ಡ ನಗರ ಅಷ್ಟು ಹತ್ತಿರವಿರುವಾಗ ಅದನ್ನು ನೋಡದೆ ಬರುವುದು ನಷ್ಟ. ಮನೆಯವರ ಹಣವನ್ನು ಲೆಕ್ಕವಿಲ್ಲದೆ ಖರ್ಚು ಮಾಡಿ ನೋಡುವುದೂ ನಷ್ಟವೇ. ಇವೆರಡರ ನಡುವಿನ ದಾರಿಯೇ ಯೋಜನೆ.

ಮೊದಲ ಹೆಜ್ಜೆ: ಹಿಂತಿರುಗುವ ಹೊತ್ತು

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ಎಷ್ಟು ಹೊತ್ತಿಗೆ ಹೊರಡೋಣ?" ಎಂದು. ಮೊದಲು ಕೇಳಬೇಕಾದ ಪ್ರಶ್ನೆ, "ಎಷ್ಟು ಹೊತ್ತಿಗೆ ಹಿಂತಿರುಗಬೇಕು?" ಎಂಬುದು. ವಯನಾಡಿನಲ್ಲಿ ಈ ಮಾತು ಇನ್ನೂ ಮುಖ್ಯ. ವಯನಾಡು ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ, ಬಸ್ಸೇ ಗತಿ. ಮೈಸೂರಿಗೆ ಹೋಗುವ ಬಸ್ಸುಗಳು ಕಾಡನ್ನು ದಾಟಿಯೇ ಹೋಗಬೇಕು.

ದಾರಿಗಳು ಮುಖ್ಯವಾಗಿ ಮೂರು. ಮಾನಂದವಾಡಿಯಿಂದ ಕಾಟಿಕುಳಂ, ಬಾವಲಿ, ಹೆಗ್ಗಡದೇವನಕೋಟೆಯ ಮೂಲಕ ಹೋಗುವುದು ಹತ್ತಿರದ ದಾರಿ. ಇದು ನಾಗರಹೊಳೆಯ ಅರಣ್ಯದೊಳಗೆ ಹಾದುಹೋಗುತ್ತದೆ. ಕಾಡುಪ್ರಾಣಿಗಳ ರಕ್ಷಣೆಗಾಗಿ ಈ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಎರಡನೆಯದು ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ನಂಜನಗೂಡಿನ ಹೆದ್ದಾರಿ. ಬಂಡೀಪುರದ ಕಾಡಿನಲ್ಲಿ ಹಾಯುವ ಈ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ಗೊತ್ತುಪಡಿಸಿದ ಕೆಲವೇ ಬಸ್ಸುಗಳಿಗೆ ಮಾತ್ರ ರಿಯಾಯಿತಿ. ಮೂರನೆಯದು ಕುಟ್ಟ, ಗೋಣಿಕೊಪ್ಪ, ಹುಣಸೂರಿನ ದಾರಿ. ರಾತ್ರಿ ಸಂಚಾರಕ್ಕೆ ಬದಲಿ ಮಾರ್ಗವೆಂದು ತೋರಿಸಿಕೊಟ್ಟದ್ದು ಇದನ್ನೇ. ಆದರೆ ಸುತ್ತು ಹೆಚ್ಚು. ಸಂಜೆ ಹೊರಟವರು ನಡುರಾತ್ರಿಯ ಹೊತ್ತಿಗೆ ಮಾನಂದವಾಡಿಯಲ್ಲಿ ಇಳಿಯಬೇಕಾದೀತು. ಅಷ್ಟು ಹೊತ್ತಿಗೆ ಹಾಸ್ಟೆಲಿನ ಬಾಗಿಲು ತೆರೆದಿರುವುದಿಲ್ಲ.

ಈಗ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕೋಣ. ಭಾನುವಾರ ಸಂಜೆ 6ರೊಳಗೆ ಬಾವಲಿಯ ಕಾಡನ್ನು ದಾಟಿರಬೇಕು. ಮೈಸೂರಿನಿಂದ ಅಲ್ಲಿಗೆ ಬಸ್ಸಿಗೆ ಸುಮಾರು 3 ಗಂಟೆ ಬೇಕೆಂದು ಹಿಡಿಯೋಣ. ಟೈರು ಪಂಕ್ಚರಾದೀತು, ರಸ್ತೆಯಲ್ಲಿ ಆನೆ ನಿಂತೀತು, ಬಸ್ಸೇ ತಡವಾದೀತು. ಅದಕ್ಕಾಗಿ 1 ಗಂಟೆ ಕೈಯಲ್ಲಿಟ್ಟುಕೊಳ್ಳೋಣ. 6ರಿಂದ 3 ಕಳೆದು, ಮತ್ತೆ 1 ಕಳೆದರೆ ಉಳಿಯುವುದು 2. ಎಂದರೆ ಭಾನುವಾರ ಮಧ್ಯಾಹ್ನ 2 ಗಂಟೆಗೆ ಮೈಸೂರಿನ ಬಸ್ಸಿನಲ್ಲಿ ಕುಳಿತಿರಬೇಕು. ಈ ಒಂದು ಅಂಕಿ ನಿಶ್ಚಯವಾದರೆ ಉಳಿದ ಯೋಜನೆಯೆಲ್ಲ ತಾನಾಗಿಯೇ ಅದರ ಹಿಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಕೈಯಲ್ಲಿರುವ ಗಂಟೆಗಳು

ಎರಡು ದಿನವೆಂದರೆ 48 ಗಂಟೆ ಎಂದು ಮನಸ್ಸು ಹೇಳುತ್ತದೆ. ಕಾಗದ ಪೆನ್ಸಿಲು ಹಿಡಿದರೆ ಬೇರೆಯೇ ಕಾಣುತ್ತದೆ. ಶನಿವಾರ ಬೆಳಿಗ್ಗೆ 7ಕ್ಕೆ ಮಾನಂದವಾಡಿ ಬಿಟ್ಟರೆ ಮೈಸೂರು ಸೇರುವಾಗ 11 ಗಂಟೆ. ರಾತ್ರಿ 8ಕ್ಕೆ ವಸತಿಗೆ ಮರಳಬೇಕೆಂದರೆ ಆ ದಿನ ದೊರೆಯುವುದು 9 ಗಂಟೆ. ಭಾನುವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 1ರವರೆಗೆ 7 ಗಂಟೆ. ಒಟ್ಟು 16 ಗಂಟೆ. ಊಟ, ತಿಂಡಿ, ನಗರದೊಳಗಿನ ಓಡಾಟಕ್ಕೆ 5 ಗಂಟೆ ಬಿಟ್ಟರೆ ನೋಡುವುದಕ್ಕೆ ಉಳಿಯುವುದು 11 ಗಂಟೆ ಮಾತ್ರ.

ಇಲ್ಲಿ ಒಂದು ಕಷ್ಟ ಎದುರಾಗುತ್ತದೆ. ಮೈಸೂರು ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ಸುಮಾರು 97,000 ದೀಪಗಳಿಂದ ಬೆಳಗುವ ಅರಮನೆ. ಆ ದೀಪಾಲಂಕಾರ ಭಾನುವಾರ ಹಾಗೂ ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ರ ಹೊತ್ತಿಗೆ. ನಮ್ಮ ಬಸ್ಸು ಭಾನುವಾರ ಮಧ್ಯಾಹ್ನ 2ಕ್ಕೆ. ಎರಡೂ ಒಟ್ಟಿಗೆ ಆಗುವಂತಿಲ್ಲ. "ಹೇಗೂ ಬಂದಾಗಿದೆ, ದೀಪ ನೋಡಿಯೇ ಹೋಗೋಣ, ಆಮೇಲೆ ನೋಡಿಕೊಳ್ಳೋಣ" ಎಂದವರು ನಡುರಾತ್ರಿ ಬಸ್ ನಿಲ್ದಾಣದಲ್ಲಿ ಕುಳಿತಿರಬೇಕು, ಇಲ್ಲವೇ ಇನ್ನೊಂದು ರಾತ್ರಿಯ ಬಾಡಿಗೆ ಕೊಟ್ಟು ಸೋಮವಾರದ ತರಗತಿ ತಪ್ಪಿಸಬೇಕು. ಇದಕ್ಕೆ ಪರಿಹಾರವಿರುವುದು ಪಂಚಾಂಗದಲ್ಲಿ. ಶನಿವಾರವೇ ಸರ್ಕಾರಿ ಹಬ್ಬದ ರಜೆಯಾಗಿರುವ ವಾರವನ್ನೋ, ಸೋಮವಾರವೂ ರಜೆಯಿರುವ ವಾರವನ್ನೋ ವರ್ಷದ ಆರಂಭದಲ್ಲಿಯೇ ಗುರುತು ಹಾಕಿಡಬೇಕು. ದಸರೆಯ ದಿನಗಳಲ್ಲಿ ದಿನವೂ ದೀಪವಿರುತ್ತದೆಂಬುದು ನಿಜ. ಆದರೆ ಆಗ ಕೋಣೆಗಳ ಬಾಡಿಗೆ ಏರಿರುತ್ತದೆ, ಬಸ್ಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮಿತವ್ಯಯದ ಪ್ರವಾಸಕ್ಕೆ ಅದು ಕಾಲವಲ್ಲ.

ರಜೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕೇರಳದಲ್ಲಿ ಎರಡನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ಕರ್ನಾಟಕದಲ್ಲಿ 2019ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೆರಡೂ ರಜೆ. ವಿಶ್ವವಿದ್ಯಾಲಯದ ಪ್ರಸಾರಾಂಗದಂತಹ ಸ್ಥಳದಲ್ಲಿ ಪುಸ್ತಕ ಕೊಳ್ಳಬೇಕೆಂದಿದ್ದರೆ ಆ ದಿನ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಮೂರನೆಯ ಹೆಜ್ಜೆ: ಹಣದ ಪಟ್ಟಿ

ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿಯ ಪ್ರತಿ 1905ರಲ್ಲಿ ಬೆಳಕಿಗೆ ಬಂದುದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ರಾಜ್ಯದ ಲೆಕ್ಕಪತ್ರಗಳನ್ನು ಹೇಗೆ ಇಡಬೇಕೆಂಬುದಕ್ಕೇ ಅದರಲ್ಲಿ ಒಂದು ಪ್ರಕರಣವಿದೆ. ರಾಜ್ಯಕ್ಕೆ ಬೇಕಾದ ಲೆಕ್ಕ ವಿದ್ಯಾರ್ಥಿಯ ಜೇಬಿಗೂ ಬೇಕು.

ಒಬ್ಬ ವಿದ್ಯಾರ್ಥಿಯ ಬಳಿ ಪ್ರವಾಸಕ್ಕೆಂದು 2,000 ರೂಪಾಯಿ ಇದೆಯೆಂದು ತಿಳಿಯೋಣ. ಮೂವರು ಗೆಳೆಯರು ಒಟ್ಟಾಗಿ ಹೋಗುತ್ತಾರೆ. ಕೆಳಗಿನ ಅಂಕಿಗಳು ಲೆಕ್ಕ ಕಲಿಯುವುದಕ್ಕಾಗಿ ಹಾಕಿದ ಮಾದರಿ; ಹೊರಡುವ ಮೊದಲು ಆಗಿನ ದರಗಳನ್ನು ವಿಚಾರಿಸಿ ನಿಮ್ಮ ಪಟ್ಟಿಯನ್ನು ನೀವೇ ತಯಾರಿಸಬೇಕು.

ಬಸ್ಸು, ಹೋಗಿ ಬರಲು: 400 ರೂ.
ವಸತಿ, ಒಂದು ರಾತ್ರಿ (1,500 ರೂ. ಕೋಣೆಯ ಮೂರನೆಯ ಒಂದು ಪಾಲು): 500 ರೂ.
ಊಟ, ತಿಂಡಿ: 500 ರೂ.
ಪ್ರವೇಶ ಶುಲ್ಕಗಳು: 200 ರೂ.
ನಗರದೊಳಗಿನ ಬಸ್ಸು: 100 ರೂ.
ಒಂದು ಕನ್ನಡ ಪುಸ್ತಕ: 100 ರೂ.
ಆಪತ್ತಿಗೆ: 200 ರೂ.
ಒಟ್ಟು: 2,000 ರೂ.

ಈ ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದಾಗಿ, ಒಬ್ಬನೇ ಹೋದರೆ ಕೋಣೆಗೆ 1,500 ರೂಪಾಯಿ ಅವನೇ ಕೊಡಬೇಕು. ಒಟ್ಟು ವೆಚ್ಚ 3,000 ಆಗುತ್ತದೆ. ಜೊತೆಗಾರರಿದ್ದರೆ ವೆಚ್ಚ ಕಡಿಮೆ, ಧೈರ್ಯ ಹೆಚ್ಚು. ಎರಡನೆಯದಾಗಿ, ಆಪತ್ತಿನ ಹಣ ಖರ್ಚಿಗಲ್ಲ. ಅದನ್ನು ಬೇರೆ ಜೇಬಿನಲ್ಲಿಟ್ಟು ಹಾಗೆಯೇ ಮರಳಿ ತರುವುದು ಒಳ್ಳೆಯ ಪ್ರವಾಸಿಯ ಗುರುತು. ಮೂರನೆಯದಾಗಿ, ಪುಸ್ತಕವನ್ನು ಪಟ್ಟಿಯಲ್ಲಿಯೇ ಸೇರಿಸಿದೆ. "ಉಳಿದರೆ ಕೊಳ್ಳೋಣ" ಎಂದುಕೊಂಡ ಪುಸ್ತಕಕ್ಕೆ ಹಣ ಉಳಿದದ್ದು ಕಡಿಮೆ. ಐಸ್‌ಕ್ರೀಮಿಗೆ ಹಣ ತಾನಾಗಿಯೇ ಸಿಗುತ್ತದೆ. ಪುಸ್ತಕಕ್ಕೆ ಮೊದಲೇ ತೆಗೆದಿಡಬೇಕು.

ಬಸ್ಸಿನ ದರದ ಬಗ್ಗೆ ಕೆಲವರಲ್ಲಿ ತಪ್ಪು ತಿಳಿವಳಿಕೆಯಿದೆ. ಕೇರಳದ ವಿದ್ಯಾರ್ಥಿ ರಿಯಾಯಿತಿಯು ಮನೆಯಿಂದ ಕಾಲೇಜಿಗೆ ಹೋಗುವ ದಾರಿಗೆ ಮಾತ್ರ. ಪ್ರವಾಸಕ್ಕೆ ಅದು ಸಲ್ಲದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ನಮ್ಮ ಹೆಣ್ಣುಮಕ್ಕಳ ಚೀಟಿಯಲ್ಲಿ ಕಾಸರಗೋಡಿನ ವಿಳಾಸವಿರುವುದರಿಂದ ಅವರು ಟಿಕೆಟ್ಟಿನ ಹಣವನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಲೇಬೇಕು. ಅಲ್ಲದೆ, ಈಗ ಅಂಗಡಿಗಳಲ್ಲಿ ಮೊಬೈಲಿನಿಂದಲೇ ಹಣ ಕೊಡುವುದು ರೂಢಿಯಾಗಿದೆ. ಹಾಗೆಂದು ನಗದು ಇಲ್ಲದೆ ಹೊರಡಬಾರದು. ಕಾಡಿನ ದಾರಿಯಲ್ಲಿ ಸಿಗ್ನಲ್ ಸಿಗುವ ಭರವಸೆಯಿಲ್ಲ. ಮೊಬೈಲಿನ ಚಾರ್ಜು ಮುಗಿದರೆ ಅದರಲ್ಲಿರುವ ಹಣವೂ ಇಲ್ಲದಂತೆಯೇ.

ವಸತಿಯ ಮಾತು

ಬಡ ವಿದ್ಯಾರ್ಥಿಯ ಪ್ರವಾಸಕ್ಕೆ ದೊಡ್ಡ ತೊಡಕು ರಾತ್ರಿಯ ತಂಗುದಾಣ. ಈ ತೊಡಕನ್ನು ಕುರಿತು ಮನಸ್ಸಿಟ್ಟು ಯೋಚಿಸಿದವರು ಜರ್ಮನಿಯ ಒಬ್ಬ ಶಾಲಾಮಾಸ್ತರರು, ರಿಚರ್ಡ್ ಶಿರ್ಮನ್. 1909ರ ಆಗಸ್ಟ್ ತಿಂಗಳಲ್ಲಿ ಅವರು ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳನ್ನೇ ಪ್ರವಾಸಿ ಮಕ್ಕಳಿಗೆ ತಂಗುದಾಣವಾಗಿ ಏಕೆ ಮಾಡಬಾರದು ಎಂಬ ಯೋಚನೆ ಅವರಿಗೆ ಬಂದುದು ಆ ರಾತ್ರಿಯೇ. ಕೆಲವೇ ವರ್ಷಗಳಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಯುವಜನ ವಸತಿಗೃಹ ತೆರೆಯಿತು. ಈಗ ಅಂತಹವು ಲೋಕದ ಎಷ್ಟೋ ನಗರಗಳಲ್ಲಿವೆ, ಮೈಸೂರಿನಲ್ಲಿಯೂ ಇದೆ. ಒಂದು ಕೋಣೆಯಲ್ಲಿ ಹಲವು ಮಂಚಗಳು, ಮಂಚಕ್ಕೆ ಇಷ್ಟೆಂದು ಬಾಡಿಗೆ, ಸರಳ ನಿಯಮಗಳು. ಇಲ್ಲಿ ಸ್ಥಳವಿದೆಯೇ ಎಂದು ವಾರ ಮೊದಲೇ ಫೋನು ಮಾಡಿ ಕೇಳಿ, ಸಿಕ್ಕಿದರೆ ಕಾದಿರಿಸಿ, ಆಮೇಲೆಯೇ ಬಸ್ಸು ಹತ್ತಬೇಕು. ನೆಂಟರ ಮನೆಯಿದ್ದರೆ ಬಾಡಿಗೆಯೇ ಬೇಡ. ಆದರೆ ಮೂವರನ್ನು ಕರೆದುಕೊಂಡು ಹೇಳದೆ ಹೋಗುವುದು ಸಭ್ಯತೆಯಲ್ಲ. ಎಲ್ಲಿ ಇಳಿದುಕೊಂಡರೂ ಗುರುತಿನ ಚೀಟಿ ಅಗತ್ಯ.

ಏನನ್ನು ನೋಡಬೇಕು?

ಮೈಸೂರಿನಲ್ಲಿ ನೋಡತಕ್ಕ ಸ್ಥಳಗಳನ್ನು ಬರೆಯುತ್ತ ಹೋದರೆ ಪುಟ ಸಾಲದು. ಕೈಯಲ್ಲಿರುವ 11 ಗಂಟೆಗಳಲ್ಲಿ ಹತ್ತು ಕಡೆ ಓಡಿದರೆ ಹತ್ತರ ಬಾಗಿಲು ಮಾತ್ರ ನೋಡಿದಂತಾಗುತ್ತದೆ. ಆದುದರಿಂದ ಹಣ ಕೊಟ್ಟು ನೋಡುವವು ಎರಡು ಮೂರು, ಹಣವಿಲ್ಲದೆ ನೋಡುವವು ಎರಡು ಎಂದು ಆರಿಸಿಕೊಳ್ಳುವುದು ಒಳ್ಳೆಯದು.

ಶನಿವಾರ ಮಧ್ಯಾಹ್ನ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಿದ ಈ ಅರಮನೆ 1912ರಲ್ಲಿ ಪೂರ್ಣವಾಯಿತು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಚಿತ್ರಶಾಲೆ. ಕೇರಳದ ಕಿಳಿಮಾನೂರಿನ ರಾಜಾ ರವಿವರ್ಮರ ಚಿತ್ರಗಳು ಅಲ್ಲಿವೆ. ಕೇರಳದಲ್ಲಿ ಹುಟ್ಟಿ ಕನ್ನಡ ಓದಿದ ನಮಗೆ ಈ ಚಿತ್ರಗಳ ಮುಂದೆ ನಿಂತಾಗ ಎರಡೂ ನಾಡು ನಮ್ಮವೆಂಬ ಭಾವ ಬರುವುದು ಸಹಜ. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಕುಂಕುಮದ ರಾಶಿಗಳು. ನೋಡುವುದಕ್ಕೆ ಕಾಸು ಬೇಡ. ಆಮೇಲೆ ಪುಸ್ತಕದ ಅಂಗಡಿ. ಅಂಗಡಿಯ ಬೋರ್ಡುಗಳನ್ನು ಓದುತ್ತ ನಡೆಯಿರಿ. ಮಾತನ್ನು ಕನ್ನಡದಲ್ಲಿಯೇ ಆಡಿರಿ. ನಮ್ಮ ಕನ್ನಡದ ರಾಗ ಕೇಳಿ "ಯಾವ ಕಡೆಯವರು?" ಎಂದು ಕೇಳುವವರಿದ್ದಾರೆ. ಕಾಸರಗೋಡು ಎಂದು ಹೇಳಲು ಸಂಕೋಚ ಬೇಡ.

ಭಾನುವಾರ ಬೆಳಿಗ್ಗೆ ಚಾಮುಂಡಿಬೆಟ್ಟ. ಸುಮಾರು ಸಾವಿರ ಮೆಟ್ಟಲುಗಳನ್ನು ಹತ್ತಿ ಹೋದರೆ ಖರ್ಚಿಲ್ಲ. ದಾರಿಯಲ್ಲಿ 17ನೆಯ ಶತಮಾನದ ದೊಡ್ಡ ನಂದಿಯೂ ಸಿಗುತ್ತದೆ. ಬಿಸಿಲೇರುವ ಮೊದಲು ಇಳಿದು ತಿಂಡಿ ಮುಗಿಸಿದರೆ ಉಳಿದ ಹೊತ್ತಿನಲ್ಲಿ ಒಂದೇ ಒಂದು ಸ್ಥಳ: 1892ರಲ್ಲಿ ಆರಂಭವಾದ ಮೃಗಾಲಯ, ಇಲ್ಲವೇ 1979ರಲ್ಲಿ ಸ್ಥಾಪಿಸಿದ ರೈಲು ವಸ್ತುಸಂಗ್ರಹಾಲಯ. ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ಎರಡನ್ನೂ ನೋಡುವ ಆಸೆಯಾದಾಗ ಮಧ್ಯಾಹ್ನ 2ರ ಬಸ್ಸನ್ನು ನೆನೆಯಿರಿ. ಉಳಿದದ್ದು ಮುಂದಿನ ಸಲಕ್ಕೆ ಇರಲಿ.

ದಾರಿಯೂ ಒಂದು ಪಾಠ

ಬಸ್ಸಿನಲ್ಲಿ ಕಳೆಯುವ ಗಂಟೆಗಳನ್ನು ಮೊಬೈಲು ನೋಡಿ ಕಳೆಯಬೇಡಿರಿ. ಮಾನಂದವಾಡಿಯ ಹೊಳೆ ಪನಮರಂ ಹೊಳೆಯೊಡನೆ ಸೇರಿ ಕಬಿನಿಯಾಗುತ್ತದೆ. ಕೇರಳದ ಬಹುಪಾಲು ನದಿಗಳು ಪಶ್ಚಿಮದ ಕಡಲಿಗೆ ಹರಿದರೆ ಇದು ಪೂರ್ವಕ್ಕೆ ಹರಿದು ಕರ್ನಾಟಕವನ್ನು ಸೇರುತ್ತದೆ. ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಂತು, ನಂಜನಗೂಡಿನಲ್ಲಿ ಕಪಿಲೆಯೆನಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ನಿಮ್ಮ ಬಸ್ಸೂ ಹೆಚ್ಚುಕಡಿಮೆ ಈ ನದಿಯ ಜೊತೆಜೊತೆಗೇ ಮೈಸೂರು ಸೀಮೆಗೆ ಇಳಿಯುತ್ತದೆ. ಭೂಗೋಳದ ಪುಸ್ತಕದಲ್ಲಿ ಒಂದು ಸಾಲಾಗಿದ್ದದ್ದು ಕಿಟಕಿಯಿಂದ ಕಾಣಸಿಗುತ್ತದೆ. ಬೆಟ್ಟದ ಕಾಫಿ ತೋಟ, ಕಾಡು, ಆಮೇಲೆ ಬಯಲಿನ ಹೊಲ ಎಂದು ನೆಲ ಬದಲಾಗುವುದನ್ನು ಬರೆದಿಟ್ಟುಕೊಳ್ಳಿರಿ. ಕಾಡಿನಲ್ಲಿ ಕಿಟಕಿಯಿಂದ ಪ್ಲಾಸ್ಟಿಕ್ ಎಸೆಯಕೂಡದು. ಪ್ರಾಣಿಗಳಿಗೆ ತಿಂಡಿ ಹಾಕಕೂಡದು.

ಇದೇ ಕ್ರಮ ಬೇರೆ ಕಡೆಗೂ ಸಲ್ಲುತ್ತದೆ. ಮಾನಂದವಾಡಿಯಿಂದ ಕೋಝಿಕ್ಕೋಡಿಗೆ ಹೋಗುವವರಿಗೆ ಕಾಡಿನ ಗೇಟಿಲ್ಲ. ಆದರೆ ಒಂಬತ್ತು ತಿರುವುಗಳ ತಾಮರಶ್ಶೇರಿ ಘಾಟಿಯಲ್ಲಿ ರಜಾದಿನಗಳಂದು ವಾಹನಗಳು ಸಾಲುಗಟ್ಟುತ್ತವೆ. 2023ರಲ್ಲಿ ಯುನೆಸ್ಕೋದಿಂದ ಸಾಹಿತ್ಯ ನಗರವೆಂದು ಗೌರವ ಪಡೆದ ಆ ಊರೂ ನೋಡತಕ್ಕದ್ದೇ. ನಾಳೆ ನಿಮ್ಮಲ್ಲಿ ಯಾರಾದರೂ ಜರ್ಮನಿಗೋ ಇಂಗ್ಲೆಂಡಿಗೋ ಓದಲು ಹೋದರೆ ಅಲ್ಲಿ ಗೇಟಿನ ಬದಲು ಕೊನೆಯ ರೈಲು ಇರುತ್ತದೆ, ರೂಪಾಯಿಯ ಬದಲು ಬೇರೆ ನಾಣ್ಯವಿರುತ್ತದೆ. ಲೆಕ್ಕ ಹಾಕುವ ಬಗೆ ಬದಲಾಗದು.

ಹೆತ್ತವರಲ್ಲಿ ಎರಡು ಮಾತು

ಮಕ್ಕಳು ಪ್ರವಾಸ ಹೋಗುತ್ತೇನೆಂದಾಗ ಹೆತ್ತವರಿಗೆ ಹಣದ ಚಿಂತೆಗಿಂತ ಜೀವದ ಚಿಂತೆ ಹೆಚ್ಚು. ಬೇಡವೆಂದು ತಡೆದರೆ ಕೆಲವರು ಹೇಳದೆಯೇ ಹೋಗುತ್ತಾರೆ. ಅದು ಇನ್ನೂ ಅಪಾಯ. ಅದಕ್ಕಿಂತ, ಒಂದು ಹಾಳೆಯಲ್ಲಿ ಬರೆದ ಯೋಜನೆಯನ್ನು ಕೇಳಿರಿ: ಜೊತೆಗೆ ಯಾರು, ಯಾವ ಬಸ್ಸು, ಎಲ್ಲಿ ವಸತಿ, ಎಷ್ಟು ಹಣ, ಹಿಂತಿರುಗುವುದು ಯಾವಾಗ. ಆ ಹಾಳೆ ಸರಿಯಾಗಿದ್ದರೆ ಒಪ್ಪಿಗೆ ಕೊಡಿರಿ. ಗಂಡುಮಕ್ಕಳಿಗೆ ಒಂದು ನಿಯಮ, ಹೆಣ್ಣುಮಕ್ಕಳಿಗೆ ಒಂದು ನಿಯಮ ಬೇಡ. ಲೆಕ್ಕ ಹಾಕಿ, ಜೊತೆ ನೋಡಿಕೊಂಡು, ಹೊತ್ತಿಗೆ ಸರಿಯಾಗಿ ಮರಳುವ ಶಿಸ್ತು ಇಬ್ಬರಿಗೂ ಬೇಕು. ಮರಳಿ ಬಂದ ಮೇಲೆ ಖರ್ಚಿನ ಪಟ್ಟಿಯನ್ನು ತೋರಿಸಲು ಹೇಳಿರಿ. ಹತ್ತು ರೂಪಾಯಿ ಹೆಚ್ಚಾಯಿತೆಂದು ಗದರಿಸಬೇಡಿರಿ. ಮುಂದೆ ಒಂದು ಸಂಸಾರವನ್ನೋ ಒಂದು ಕಚೇರಿಯನ್ನೋ ನಡೆಸಬೇಕಾದವರು ಈ ಚಿಕ್ಕ ಪಟ್ಟಿಯಿಂದಲೇ ಕಲಿಯತೊಡಗುತ್ತಾರೆ.

ವಿದ್ಯಾರ್ಥಿ ಮಿತ್ರರೇ, "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಹಿರಿಯರು ಹೇಳಿದ್ದು ಮನೆಯಲ್ಲೇ ಮುದುಡಿಕೊಂಡು ಮಲಗಿರಲಿ ಎಂದಲ್ಲ. ಹಾಸಿಗೆಯ ಉದ್ದವನ್ನು ಮೊದಲು ಅಳೆಯಬೇಕು. ಅಳೆದ ಮೇಲೆ ಕಾಲನ್ನು ಧೈರ್ಯವಾಗಿ ಚಾಚಬಹುದು.

ಅಭ್ಯಾಸ

1. ನಿಮ್ಮ ಊರಿನಿಂದ ಮಂಗಳೂರಿಗೆ ಒಂದು ದಿನದ ಪ್ರವಾಸ ಹೋಗಿ ರಾತ್ರಿ 7ರೊಳಗೆ ಮನೆ ಸೇರಬೇಕು. ಹಿಂತಿರುಗುವ ಹೊತ್ತಿನಿಂದ ಆರಂಭಿಸಿ ವೇಳಾಪಟ್ಟಿ ತಯಾರಿಸಿರಿ.

2. ಮೇಲಿನ ಪಟ್ಟಿಯಲ್ಲಿ ಮೂವರ ಬದಲು ಇಬ್ಬರೇ ಹೋದರೆ ಒಬ್ಬೊಬ್ಬರಿಗೆ ಎಷ್ಟು ವೆಚ್ಚವಾಗುತ್ತದೆ? 2,000 ರೂಪಾಯಿಯಲ್ಲಿಯೇ ಮುಗಿಸಬೇಕಾದರೆ ಯಾವುದನ್ನು ಕಡಿಮೆ ಮಾಡುವಿರಿ? ಆಪತ್ತಿನ ಹಣವನ್ನು ಮುಟ್ಟಬಾರದು.

3. ಕಬಿನಿ ನದಿಯ ದಾರಿಯನ್ನು ವಯನಾಡಿನಿಂದ ತಿರುಮಕೂಡಲು ನರಸೀಪುರದವರೆಗೆ ನಕಾಶೆಯಲ್ಲಿ ಗುರುತಿಸಿರಿ.